ಚಹಾದಲ್ಲಿ ಬೇಯಿಸಿದ ಕತ್ತಿಬಿಲ್ಲೆ

ಕುಮಾಮೊತೊದ ಕೋಟೆ ಕೆಳಗಿನ ಬೀದಿಗಳಲ್ಲಿ ಫುಸಾಯೆ ಎಂದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ತುಕ್ಕಮ್ಮ ಎಂದರೆ ಮೀನು ಮಾರುವವಳೂ ತಲೆ ಮೇಲಿನ ಬುಟ್ಟಿ ಇಳಿಸದೆಯೇ ಗಲ್ಲದಿಂದ ದಾರಿ ತೋರಿಸುತ್ತಿದ್ದಳು.

ಹಳೇ ಕತ್ತಿಗಳಲ್ಲಿ ಹಿಡಿಗೂ ಅಲಗಿಗೂ ನಡುವೆ ಅಂಗೈಯಗಲದ ಒಂದು ಬಿಲ್ಲೆ ಕೂತಿರುತ್ತದೆ. ತ್ಸುಬಾ ಎನ್ನುತ್ತಾರೆ. ಕಬ್ಬಿಣದ ಬಿಲ್ಲೆಯಾದರೆ ಅದಕ್ಕೆ ತುಕ್ಕೇ ಒಡವೆ. ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಕಪ್ಪು ತುಕ್ಕು ಅದನ್ನು ಕಾಯುತ್ತದೆ. ಕೆಂಪನ್ನು ಜಿಂಕೆ ಕೊಂಬಿನ ಚಕ್ಕೆಯಿಂದ ಒಂದೊಂದೇ ಕಾಳಾಗಿ ಬಿಡಿಸಿ, ಕಪ್ಪನ್ನು ಬರೀ ಹತ್ತಿಬಟ್ಟೆಯಿಂದ ವರ್ಷಗಟ್ಟಲೆ ಉಜ್ಜಿ ಹೊಳಪು ತರುವುದು ಫುಸಾಯೆಯ ಕಸುಬು. ಎಣ್ಣೆಯಿಲ್ಲ, ಮದ್ದಿಲ್ಲ. ಬೆರಳಿನ ಬಿಸಿ, ಹತ್ತಿ, ತಾಳ್ಮೆ ಇಷ್ಟೇ. ಅಷ್ಟು ತಾಳ್ಮೆ ಎಲ್ಲಿಂದ ಬಂತು ಎಂದು ಜನ ಹೊಗಳಿದರೆ ಅವಳು ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ನಾಚಿಕೆ ಪಾಪ, ಎನ್ನುತ್ತಿದ್ದರು ಜನ. ನಾಚಿಕೆಯಲ್ಲ ಅದು.

ಅವಳು ಹುಟ್ಟಿದ್ದು ಅಮಾಕುಸಾ ದ್ವೀಪದಲ್ಲಿ, ಮೀನುಗಾರರ ಮನೆಯಲ್ಲಿ. ನಾಲ್ಕನೇ ತರಗತಿಗೆ ಸ್ಲೇಟು ಬಿಡಿಸಿ ಸಣ್ಣಮೀನು ಒಣಹಾಕಲು ಕೂರಿಸಿದರು. ಮದುವೆಯಾದ ಗಂಡ ಯುದ್ಧಕ್ಕೆ ಹೋದವನು ಬರಲಿಲ್ಲ, ಬದಲಿಗೆ ಅವನ ಅಸ್ಥಿಯೆಂದು ಒಂದು ಬಿಳೀ ಪೆಟ್ಟಿಗೆ ಬಂತು, ಅಲ್ಲಾಡಿಸಿದರೆ ಒಳಗೆ ಕಲ್ಲಿನ ಸದ್ದು. ಯುದ್ಧ ಮುಗಿದು ಹದಿಮೂರು ವರ್ಷಕ್ಕೆ, ಮೂವತ್ತೆರಡರ ಹರೆಯದಲ್ಲಿ, ಅವಳು ಕುಮಾಮೊತೊಗೆ ಬಂದು ಕಬಾಶಿಮಾ ಮೇಷ್ಟ್ರ ಮನೆಗೆಲಸಕ್ಕೆ ಸೇರಿದಳು.

ಮೇಷ್ಟ್ರು ಹಿಂದೆ ಶಾಲೆಯಲ್ಲಿ ಕುಂಚದ ಬರವಣಿಗೆ ಹೇಳಿಕೊಡುತ್ತಿದ್ದವರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಬಿಲ್ಲೆ ನೋಡುವುದರಲ್ಲಿ ಅವರ ಕಣ್ಣಿಗೆ ಸಮ ಇಲ್ಲವೆಂದು ಸುತ್ತಲ ಹತ್ತೂರಲ್ಲಿ ಮಾತಿತ್ತು. ಹಿಂದಿನ ಕಾಲದಲ್ಲಿ ಈ ಸೀಮೆಯಲ್ಲೇ ಬಿಲ್ಲೆ ಮಾಡುವ ನಾಲ್ಕು ಮನೆತನಗಳಿದ್ದವು. ಹೆಚ್ಚಿನ ಬಿಲ್ಲೆಗಳ ಮೇಲೆ ಹೆಸರು ಕೊರೆದಿರುವುದಿಲ್ಲ. ಯಾವ ಮನೆಯ ಕೈ, ಯಾವ ಚಿತ್ರ ಎಂಬುದನ್ನು ನೋಡಿಯೇ ಹೇಳಬೇಕು. ಹಯಾಶಿ ಮನೆಯದಾದರೆ ಅಳತೆ ಕಟ್ಟಿದಂತೆ ಅಚ್ಚುಕಟ್ಟು, ತುಕ್ಕಿನ ಬಣ್ಣ ಯೋಕನ್ ಹೋಳಿನಂತೆ. ಯೋಕನ್ ಎಂದರೆ ಕೆಂಪುಕಾಳು ಬೇಯಿಸಿ ಸಕ್ಕರೆ ಹಾಕಿ ಗಟ್ಟಿ ಮಾಡಿದ ಸಿಹಿ, ನೇರಳೆಗಪ್ಪು, ಒದ್ದೆ ಹೊಳಪು. ನಿಶಿಗಾಕಿ ಮನೆಯದಾದರೆ ಕೈ ಸ್ವಲ್ಪ ಆಟದ ಕೈ, ಒಂದು ಕಡೆ ವಾಲಿದರೂ ವಾಲಲಿ ಎಂದು ಬಿಟ್ಟ ಹಾಗೆ. ಜನ ಬಿಲ್ಲೆ ತರುತ್ತಿದ್ದರು. ಮೇಷ್ಟ್ರು ಬೆಳಿಗ್ಗೆ ಹತ್ತರ ಬಿಸಿಲಿಗೆ ಜಗಲಿಯಲ್ಲಿ ಕೂತು, ರೇಷ್ಮೆ ಬಟ್ಟೆಯ ಮೇಲಿಟ್ಟು ನೋಡಿ, ಕಿರಿ ಎಂಬ ಹಗುರ ಮರದ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಮನೆತನ, ಚಿತ್ರ, ತಾರೀಖು ಬರೆದು ಮೊಹರು ಒತ್ತುತ್ತಿದ್ದರು. ಆ ಬರಹ ಆದಮೇಲೆ ಮುಗಿಯಿತು. ಮುಂದೆ ಆ ಬಿಲ್ಲೆ ಎಲ್ಲಿ ಹೋದರೂ ಮುಚ್ಚಳ ಹೇಳಿದ್ದೇ ಅದರ ಕುಲ.

ಫುಸಾಯೆಗೆ ಮೊದಲ ದಿನವೇ ಅವರು ಹೇಳಿದ್ದರು.

"ಅಡುಗೆ ನಿಂದು, ಅಂಗಳ ನಿಂದು, ಪುಸ್ತಕದ ಧೂಳೂ ನಿಂದೇ. ಕಬ್ಬಿಣ ಮಾತ್ರ ಮುಟ್ಟಬೇಡ."

"ನಂಗ್ಯಾಕೆ ಬೇಕು ಮೇಷ್ಟ್ರೇ ಕಬ್ಬಿಣ," ಎಂದಿದ್ದಳು ಅವಳು.

ಮರುವರ್ಷ ಡಿಸೆಂಬರಿನಲ್ಲಿ ಮಿಗಿತಾ ಮನೆಯ ಸೊಸೆ ಯೊಶಿನೊ ಒಂದು ಬಟ್ಟೆಗಂಟು ಹಿಡಿದು ಬಂದಳು. ಮಿಗಿತಾ ಅವರದು ಹಿಂದೆ ಕತ್ತಿ ಕಟ್ಟಿದ ಮನೆತನ, ಈಗ ತಾವರೆಗೆಡ್ಡೆಯ ಅಂಗಡಿ. ಬೇಯಿಸಿದ ಗೆಡ್ಡೆಯ ತೂತುಗಳಿಗೆ ಸಾಸಿವೆ ಕಲಸಿದ ಮಿಸೊ, ಅಂದರೆ ಸೋಯಾಕಾಳು ಹುದುಗಿಸಿದ ಉಪ್ಪುಹಿಟ್ಟು, ತುಂಬಿ, ಹಳದಿ ಹಿಟ್ಟಿನಲ್ಲಿ ಅದ್ದಿ ಕರಿದು ಮಾರುವುದು. ಸಾಸಿವೆ ಕಲಸುವ ಕೈ ಯಾವಾಗಲೂ ಅತ್ತೆ ಸೆಕಿ ಅಜ್ಜಿಯದೇ, ಮನೆಯಳಿಯನನ್ನು ತಂದುಕೊಂಡ ಆ ಮನೆಯ ಮಗಳು. ಎಪ್ಪತ್ತೊಂಬತ್ತು ವರ್ಷ. ಕೊಡ ಹೊತ್ತವಳ ಹಾಗೆ ಬೆನ್ನು ನೆಟ್ಟಗೆ.

"ಯುದ್ಧ ಸೋತಾಗ ಗೆದ್ದವರು ಕತ್ತಿಗಳನ್ನೆಲ್ಲ ಒಪ್ಪಿಸಿ ಅಂದ್ರಲ್ಲ ಮೇಷ್ಟ್ರೇ," ಎಂದಳು ಯೊಶಿನೊ. "ನಮ್ಮತ್ತೆ ಕತ್ತಿ ಕೊಟ್ರು, ಬಿಲ್ಲೆ ಬಿಚ್ಚಿಟ್ಕೊಂಡ್ರು. ಎಲ್ಲಿಟ್ರು ಗೊತ್ತಾ? ಮಿಸೊ ಜಾಡಿಯೊಳಗೆ! ಒಂದಿಡೀ ಚಳಿಗಾಲ. ಉಪ್ಪಿಗೆ ನೋಡಿ, ಒಂದು ಮಗ್ಗುಲು ಹೇಗೆ ಕೆಂಪಾಗಿದೆ. ಅತ್ತೆಗೆ ಈಗ ಒಂದೇ ಹಟ. ನಾನು ಸಾಯೋದ್ರೊಳಗೆ ಮೇಷ್ಟ್ರು ಮುಚ್ಚಳದ ಮೇಲೆ 'ನಿಶಿಗಾಕಿ' ಅಂತ ಬರೀಬೇಕು ಅಂತ. ಅವರ ತಾತ ಹೇಳಿದ್ರಂತೆ."

"ತಾತಂದಿರು ಬೇಕಾದಷ್ಟು ಹೇಳ್ತಾರೆ," ಎಂದು ಮೇಷ್ಟ್ರು ನಕ್ಕರು. "ಇಟ್ಟು ಹೋಗಮ್ಮ. ಹೊಸವರ್ಷ ಕಳೀಲಿ, ನೋಡೋಣ."

ಅವರು ಗಂಟನ್ನು ಬಿಚ್ಚದೆಯೇ ಮೇಲಿನ ಹಲಗೆಗೆ ಸೇರಿಸಿದರು. ಎರಡು ದಿನ ಬಿಟ್ಟು ಹಿನಾಗುವಿನ ಬಿಸಿನೀರಿನ ಬುಗ್ಗೆಗೆ ಒಂದು ವಾರ ಹೊರಟರು, ಕೀಲುನೋವು.

ವರ್ಷದ ಕೊನೆಯ ದಿನಗಳಲ್ಲಿ ಮನೆ ತೊಳೆಯುವ ಪದ್ಧತಿ ಎಲ್ಲರಿಗೂ ಗೊತ್ತಲ್ಲ. ಹಳೇ ವರ್ಷದ ಕೊಳೆ ಒಂದು ಕಣ ಉಳಿದರೂ ಹೊಸವರ್ಷದ ದೇವರು ಹೊಸಿಲು ತುಳಿಯುವುದಿಲ್ಲ. ಫುಸಾಯೆ ತೊಲೆಯ ಮಸಿ ತೆಗೆದಳು, ಬಾಗಿಲ ಕಾಗದ ಹೊಸದು ಹಚ್ಚಿದಳು, ಹಲಗೆ ಒರೆಸಿದಳು. ಹಲಗೆ ಒರೆಸುವಾಗ ಗಂಟು ಜಾರಿ ಬಿಚ್ಚಿಕೊಂಡಿತು. ಒಳಗೆ ಒಂದು ಕಬ್ಬಿಣದ ಬಿಲ್ಲೆ, ಮೂಲೆಗಳಲ್ಲಿ ಮಿಸೊ ಕಚ್ಚಿಕೊಂಡು ಒಣಗಿದೆ, ಮೈತುಂಬ ಕೆಂಪು ಹುಡಿ. ಇಷ್ಟು ಹೊಲಸು ಇಟ್ಟುಕೊಂಡು ಹೊಸವರ್ಷವೇ! ಮೇಷ್ಟ್ರ ಬಿಲ್ಲೆ ಮುಟ್ಟಬಾರದು ನಿಜ. ಇದು ಮೇಷ್ಟ್ರದ್ದಲ್ಲವಲ್ಲ, ಸಾಸಿವೆ ಅಂಗಡಿಯವರದು. ತೊಳೆದಿಟ್ಟರೆ ಮೆಚ್ಚುತ್ತಾರೆ. ಅವಳ ಲೆಕ್ಕ ಅಷ್ಟೇ.

ಒಂದು ರಾತ್ರಿ ಅಕ್ಕಿಯ ಹುಳಿನೀರಲ್ಲಿ ಬಿಟ್ಟಳು. ಬೆಳಗಾಗೆದ್ದು ಬಾವಿಕಟ್ಟೆಯಲ್ಲಿ ಕೂತು ಮರಳು, ಬೂದಿ, ತಂತಿನಾರು ಹಾಕಿ ತಿಕ್ಕಿದಳು. ಅಮಾಕುಸಾದ ಕೈ, ಇದ್ದಿಲಿನ ಹಾಗೆ ಕಪ್ಪಾದ ಬಾಣಲೆಯಲ್ಲಿ ಮುಖ ಕಾಣುವಂತೆ ಮಾಡುವ ಕೈ. ಮಧ್ಯಾಹ್ನದ ಹೊತ್ತಿಗೆ ಬಿಲ್ಲೆ ಮೀನಿನ ಹೊಟ್ಟೆಯಂತೆ ಬೆಳ್ಳಗೆ ಥಳಥಳಿಸಿತು. ಕೊರೆದ ಎಲೆ, ಹೂವು ಈಗ ಎಷ್ಟು ಚೆನ್ನಾಗಿ ಕಾಣುತ್ತಿವೆ! ಹಿಗ್ಗಿನಿಂದ ಒಯ್ದು ಮೇಷ್ಟ್ರ ಬಿಲ್ಲೆಗಳ ಪಕ್ಕದಲ್ಲಿಟ್ಟಳು.

ಅಲ್ಲಿಟ್ಟಾಗ ಗೊತ್ತಾಯಿತು. ಅವೆಲ್ಲ ಮಾಗಿದ ಹಣ್ಣಿನ ಹಾಗೆ ಕಪ್ಪಗೆ ಕೂತಿದ್ದವು. ಇದೊಂದು ಪುಕ್ಕ ಕಿತ್ತ ಕೋಳಿ.

ಕಬ್ಬಿಣ ಮುಟ್ಟಬೇಡ ಎಂದಿದ್ದು ಯಾಕೆ ಎಂದು ಒಂದು ವರ್ಷ ಅವಳು ಯೋಚಿಸಿಯೇ ಇರಲಿಲ್ಲ. ಈ ಮನೆ ಬಿಟ್ಟರೆ ವಾಪಸು ಸಣ್ಣಮೀನಿನ ಚಾಪೆಗೆ. ಮೇಷ್ಟ್ರು ಬರಲು ಇನ್ನೂ ನಾಲ್ಕು ದಿನ.

ಅವ್ವ ಕಬ್ಬಿಣದ ಕೆಟಲು ತುಕ್ಕು ಬಿಟ್ಟಾಗ ಏನು ಮಾಡುತ್ತಿದ್ದಳು ಎಂದು ನೆನಪಾಯಿತು. ಹಸಿರು ಚಹಾದ ಸೊಪ್ಪು ಹಾಕಿ ಕುದಿಸುತ್ತಿದ್ದಳು, ನೀರು ಮಸಿಯಂತೆ ಕಪ್ಪಾಗುತ್ತಿತ್ತು, ಕೆಟಲಿನ ಒಳಗೂ ಕಪ್ಪು ಕೂರುತ್ತಿತ್ತು. ಇದಕ್ಕೂ ಅದೇ ಮದ್ದು. ಉಪ್ಪು ಹುಳಿ ಹಚ್ಚಿ ಬಚ್ಚಲ ಒಲೆಯ ಹಬೆಗೆ ಹಿಡಿದಳು, ತೆಳ್ಳಗೆ ತುಕ್ಕೆದ್ದಿತು. ಚಹಾಸೊಪ್ಪಿನಲ್ಲಿ ಕುದಿಸಿದಳು. ಮತ್ತೆ ಹುಳಿ, ಮತ್ತೆ ಚಹಾ. ಮೂರು ದಿನ ಹೀಗೆ. ಮನೆಯೆಲ್ಲ ಚಹಾದ ಕಟು ವಾಸನೆ. ಕಡೆಗೆ ಬಿಲ್ಲೆಯ ಮೇಲೆ ಒಂದು ಬಣ್ಣ ಬಂತು, ನೇರಳೆಗಪ್ಪು, ಒದ್ದೆ ಒದ್ದೆ. ನೋಡಿ ಅವಳಿಗೇ ಆಸೆಯಾಯಿತು. ಮೊದಲು ಇದ್ದ ಬಣ್ಣ ಇದಲ್ಲ ಎಂದು ಗೊತ್ತಿತ್ತು. ಮೊದಲು ಯಾವ ಬಣ್ಣವಿತ್ತು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ, ಅವಳು ಬರೀ ಕೊಳೆ ನೋಡಿದ್ದಳು. ಬಟ್ಟೆಯಲ್ಲಿ ಕಟ್ಟಿ ಹಲಗೆಗಿಟ್ಟಳು.

ಜನವರಿ ಏಳನೇ ತಾರೀಖು, ಏಳು ಸೊಪ್ಪಿನ ಗಂಜಿ ಉಂಡು ಮೇಷ್ಟ್ರು ಜಗಲಿಗೆ ಹೋದರು. ಗಂಟು ಬಿಚ್ಚಿದ ಸದ್ದು. ಅಡುಗೆಮನೆಯಲ್ಲಿ ಫುಸಾಯೆ ಬಟ್ಟಲು ಹಿಡಿದು ನಿಂತೇ ಇದ್ದಳು.

"ಫುಸಾಯೆ! ಬಾ ಇಲ್ಲಿ!"

ಹೋದಳು. ಮೇಷ್ಟ್ರ ಕಣ್ಣಲ್ಲಿ ನೀರಿತ್ತು.

"ಈ ತುಕ್ಕು ನೋಡು. ನಲವತ್ತು ವರ್ಷ ಕಾದೆ ಇಂಥಾದ್ದೊಂದಕ್ಕೆ. ಹಯಾಶಿ ಕಣಮ್ಮ ಇದು, ಹಯಾಶಿ! ಆ ಯೊಶಿನೊ ಕೆಂಪು ಮಗ್ಗುಲು ಅಂದ್ಲು. ಎಲ್ಲಿದೆ ಕೆಂಪು? ಅವರಿಗೆ ಕಣ್ಣೇ ಇಲ್ಲ."

ಅವಳ ಬಾಯಿಗೆ ಮಾತು ಬಂತು. ಹಲ್ಲಿನವರೆಗೂ ಬಂತು. ಅಷ್ಟರಲ್ಲಿ ಅವರು ಬಿಲ್ಲೆಯನ್ನು ಬಿಸಿಲಿಗೆ ವಾಲಿಸಿ, ಮಗು ಹೊಸ ಬೊಂಬೆ ನೋಡುವ ಹಾಗೆ ನಕ್ಕರು.

"ಎಲೆ ಸ್ವಲ್ಪ ಒಂದು ಕಡೆ ಜಾರಿದೆ. ಇರಲಿ, ಹಯಾಶಿಯವರಿಗೂ ವಯಸ್ಸಾದ ಮೇಲೆ ಕೈ ಸಡಿಲ ಆಗಿರಬಹುದು. ಮಸಿ ತೇಯಿ ಹೋಗು."

ಅವಳೇ ಮಸಿ ತೇಯ್ದು ಕೊಟ್ಟಳು. "ಹಯಾಶಿ ಮನೆ, ಎರಡನೇ ತಲೆ. ಚಿತ್ರ: ಕಿರಿ ಹೂವೆಲೆಯ ಲಾಂಛನ" ಎಂದು ಮೇಷ್ಟ್ರು ಮುಚ್ಚಳಕ್ಕೆ ಬರೆದು ಮೊಹರು ಒತ್ತಿದರು.

ನಾಲ್ಕು ದಿನಕ್ಕೆ ಅತ್ತೆ ಸೊಸೆ ಇಬ್ಬರೂ ಬಂದರು. ಸೆಕಿ ಅಜ್ಜಿ ಬಿಲ್ಲೆಯನ್ನು ಅಂಗೈಲಿಟ್ಟುಕೊಂಡು ಒಂದೇ ಸಲ ನೋಡಿ ಕೆಳಗಿಟ್ಟಳು.

"ಇದು ನಮ್ಮದಲ್ಲ."

"ಅತ್ತೇ!" ಎಂದಳು ಯೊಶಿನೊ.

"ಅತ್ತೆ ಗಿತ್ತೆ ಬೇಡ. ನಮ್ಮದರ ಬಣ್ಣ ಹುರಿದ ಹುರುಳಿ ತರಹ, ಒಣ. ಇದು ನೆಕ್ಕಿಟ್ಟ ಮಿಠಾಯಿ. ಯಾರ ಮನೇದು ತಂದಿಟ್ಟಿದೀರಿ ಮೇಷ್ಟ್ರೇ?"

ಮೇಷ್ಟ್ರ ಮುಖ ಕೆಂಪಾಯಿತು. ಆದರೂ ತಗ್ಗಿಸಿಯೇ ಮಾತಾಡಿದರು. "ಅಜ್ಜಿ, ಮಿಸೊ ಎಣ್ಣೆ ಅಂಶ ಒಳಗಿಳಿದು ಬಣ್ಣ ಏರಿದೆ. ನಿಮ್ಮದೇ ಇದು. ನೀವಂದುಕೊಂಡಿದ್ದಕ್ಕಿಂತ ದೊಡ್ಡದು. ಹಯಾಶಿ."

"ನಮ್ಮ ತಾತ ನಿಶಿಗಾಕಿ ಅಂದಿದಾನೆ. ನನ್ನ ಬೆರಳು ಹಿಡಿದು ಎಲೆ ಮೇಲೆ ಆಡಿಸಿ ಹೇಳಿದಾನೆ, ನೋಡು ಸೆಕಿ, ಇದು ಲಾಂಛನ ಅಲ್ಲ, ಗಾಳಿಗೆ ಹಾರಿಬಿದ್ದ ಕಿರಿ ಮರದ ಎಲೆ, ಅದಕ್ಕೇ ವಾಲಿದೆ ಅಂತ. ನಿಮ್ಮ ದೊಡ್ಡದು ನೀವೇ ಇಟ್ಕೊಳಿ. ನಮ್ಮ ಸಣ್ಣದು ಕೊಡಿ."

"ವಾಲಿದೆಯಲ್ಲ ಅತ್ತೆ ಇದೂ!"

"ವಾಲಿದ ಎಲೆ ಪ್ರಪಂಚದಲ್ಲಿ ಒಂದೇನಾ ಇರೋದು?"

ಯೊಶಿನೊ ನೆಲಕ್ಕೆ ಹಣೆ ಮುಟ್ಟಿಸಿ ಮೇಷ್ಟ್ರಲ್ಲಿ ಕ್ಷಮೆ ಕೇಳಿದಳು. ಫುಸಾಯೆ ಚಹಾ ತಂದಿಟ್ಟಳು. ಅಜ್ಜಿ ಒಂದು ಗುಟುಕು ಕುಡಿದು ತಲೆಯೆತ್ತಿದಳು.

"ಈ ಮನೇಲಿ ಚಹಾ ಒಂದು ಸಾಚಾ ಇದೆ," ಎಂದಳು.

ಬಿಲ್ಲೆ ಅಲ್ಲೇ ಉಳಿಯಿತು. ಅಜ್ಜಿ ಒಯ್ಯಲು ಒಪ್ಪಲಿಲ್ಲ. ಅಂದಿನಿಂದ ಪ್ರತಿ ತಿಂಗಳು ಐದನೇ ತಾರೀಖು ಮರದ ಚಪ್ಪಲಿ ಟಕಟಕ ಮಾಡುತ್ತ ಬಂದು ಜಗಲಿಯ ತುದಿಗೆ ಕೂರುತ್ತಿದ್ದಳು. "ನಮ್ಮದು ಸಿಕ್ತಾ ಮೇಷ್ಟ್ರೇ?" ಎನ್ನುತ್ತಿದ್ದಳು. ಮೇಷ್ಟ್ರು ಮೊದಮೊದಲು ವಿವರಿಸುತ್ತಿದ್ದರು, ಆಮೇಲೆ "ಇಲ್ಲ ಅಜ್ಜಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು. ಅಜ್ಜಿಗೆ ಚಹಾ ಕೊಡುವುದು ಫುಸಾಯೆಯ ಪಾಲಿಗೆ.

ಊರು ಸುಮ್ಮನಿರುತ್ತದೆಯೇ? ಮಿಗಿತಾ ಮುದುಕಿಗೆ ಅರಳುಮರಳು, ಮೇಷ್ಟ್ರಂಥವರನ್ನು ಕಳ್ಳ ಅನ್ನುತ್ತಾಳೆ ಎಂದು ಬೀದಿಯಲ್ಲೆಲ್ಲ ಆಡಿಕೊಂಡರು. ಮಳೆಗಾಲದ ಹೊತ್ತಿಗೆ ಅಜ್ಜಿ ಒಂದು ಹೊಸ ಸುದ್ದಿ ತಂದಳು. ನಗುತ್ತಲೇ ಹೇಳಿದಳು.

"ನನ್ನ ಸಾಸಿವೆ ಬೋಗುಣಿ ಕಿತ್ಕೊಂಡ್ರು ಕಣೆ ಹುಡುಗಿ."

"ಯಾಕಜ್ಜಿ?"

"ಸ್ವಂತ ಮನೆ ಬಿಲ್ಲೆ ಗುರುತು ಸಿಗದವಳಿಗೆ ಉಪ್ಪು ಯಾವ್ದು ಸಕ್ಕರೆ ಯಾವ್ದು ಗೊತ್ತಾಗುತ್ತಾ ಅಂತ ಯಾರೋ ಗಿರಾಕಿ ಅಂದ್ರಂತೆ. ಐವತ್ತಾರು ವರ್ಷ ಕಲಸಿದೀನಿ. ಈಗ ಯೊಶಿನೊ ಕಲಸ್ತಾಳೆ. ಅವಳ ಸಾಸಿವೆ ಮೂಗಿಗೇ ಏರಲ್ಲ, ಅನ್ನಕ್ಕೆ ಹಾಕ್ಕೊಂಡು ಮಕ್ಕಳಿಗೆ ತಿನ್ನಿಸಬಹುದು." ಅಜ್ಜಿ ತನ್ನ ಎರಡು ಕೈಗಳನ್ನೂ ತೊಡೆಯ ಮೇಲೆ ಮಲಗಿಸಿ ನೋಡಿದಳು. ಬೆರಳ ಸಂದುಗಳಲ್ಲಿ ಹಳದಿ ಮಾಸುತ್ತಿತ್ತು. "ಕೈಗೆ ಕೆಲಸ ಇಲ್ದಿದ್ರೆ ತುರಿಕೆ ಕಣೆ. ಇನ್ನೊಂದು ಚಹಾ ಕೊಡು. ಯಾವ ಸೊಪ್ಪು ಇದು?"

ಫುಸಾಯೆ ಕೆಟಲು ತರುವ ನೆಪದಲ್ಲಿ ಒಳಗೆ ಹೋದಳು. ಆ ದಿನದಿಂದ ಅವಳು ಚಹಾ ಕುಡಿಯುವುದು ಬಿಟ್ಟಳು. ಕುದಿಯುವ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಹೋಗುತ್ತಿದ್ದಳು. ಸುತ್ತಮುತ್ತಲ ಹೆಂಗಸರು ಹರಕೆಯೇನೋ ಎಂದುಕೊಂಡರು.

ಹೇಳಿಬಿಡಬೇಕು ಎಂದು ಪ್ರತಿ ನಾಲ್ಕನೇ ತಾರೀಖು ಅಂದುಕೊಳ್ಳುವಳು. ಐದಕ್ಕೆ ಅಜ್ಜಿ ಬಂದು ಹೋಗುವಳು. ಆರಕ್ಕೆ, ಇನ್ನು ಮುಂದಿನ ತಿಂಗಳು ಎನ್ನುವಳು. ಒಮ್ಮೆ ಧೈರ್ಯ ಮಾಡಿ ಮೇಷ್ಟ್ರನ್ನು ಸುತ್ತುಬಳಸಿ ಕೇಳಿದಳು.

"ಮೇಷ್ಟ್ರೇ, ತುಕ್ಕು ಸುಳ್ಳು ಹೇಳುತ್ತಾ?"

"ಮನುಷ್ಯರು ಹೇಳ್ತಾರೆ. ಕಬ್ಬಿಣ ಹೇಳಲ್ಲ," ಎಂದರು ಅವರು. ಆಮೇಲೆ ಅವಳ ಮುಖ ನೋಡಿ, "ನಿಂಗೆ ಇದರಲ್ಲಿ ಆಸಕ್ತಿ ಇದೆ ಅಲ್ವಾ? ನಂಗೂ ಕಣ್ಣು ಮಂಜಾಗ್ತಿದೆ. ಬಾ, ಕೂತ್ಕೋ," ಎಂದು ಒಂದು ಹಳೇ ಬಿಲ್ಲೆ, ಹತ್ತಿಬಟ್ಟೆ, ಕೊಂಬಿನ ಚಕ್ಕೆ ಕೈಗಿತ್ತರು.

ಬೇಡ ಎನ್ನಲು ಅವಳಿಗೆ ಯಾವ ಮುಖವಿತ್ತು? ಕಲಿತಳು. ಕಲಿತಷ್ಟೂ ಸಂಕಟ ಹೆಚ್ಚಿತು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಹಯಾಶಿ ಕೈಯ ಅಂಚು ಹೀಗೆ, ನಿಶಿಗಾಕಿ ಕೈಯ ಅಂಚು ಹೀಗೆ ಎಂದು ಒಂದು ವರ್ಷದೊಳಗೆ ಬೆರಳಿಗೆ ಗೊತ್ತಾಗತೊಡಗಿತು. ಒಂದು ದಿನ ಮೇಷ್ಟ್ರು ಪೇಟೆಗೆ ಹೋಗಿದ್ದಾಗ ಮಿಗಿತಾ ಪೆಟ್ಟಿಗೆ ತೆಗೆದು, ಕಣ್ಣು ಮುಚ್ಚಿ ಬಿಲ್ಲೆ ಹಿಡಿದಳು. ಅಂಚು ಮೆತ್ತಗೆ ಉರುಟು. ನಡುವಿನ ಮೊಟ್ಟೆಯಾಕಾರದ ಬಯಲು ಒಂದು ಭುಜ ತುಂಬಿ ಇನ್ನೊಂದು ಇಳಿದಿದೆ. ಎಲೆಯ ತೊಟ್ಟು ಅಂಚಿನ ಮೇಲೆ ಒರಗಿದೆ, ಗಾಳಿಗೆ ಬಂದು ಬಿದ್ದ ಹಾಗೆಯೇ. ನಿಶಿಗಾಕಿ. ಅಜ್ಜಿಯ ತಾತ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸತ್ಯ. ಅಜ್ಜಿ 'ನಮ್ಮದಲ್ಲ' ಎಂದಿದ್ದರಲ್ಲೂ ತಪ್ಪೇನಿತ್ತು? ತಾನು ಕೆರೆದುಹಾಕಿದ್ದನ್ನು ಅವಳು ಇಲ್ಲ ಎಂದಳು, ಅಷ್ಟೇ. ಊರಲ್ಲಿ ಸರಿಯಾಗಿ ಕಣ್ಣು ಕಾಣುತ್ತಿದ್ದವಳು ಅವಳೊಬ್ಬಳು, ಅವಳನ್ನೇ ತಾನು ಹುಚ್ಚಿ ಮಾಡಿದ್ದಳು.

ಅಷ್ಟಾದರೂ ಬಾಯಿ ಬಿಡಲಿಲ್ಲ. ಈಗ ಹೇಳಿದರೆ ಮೇಷ್ಟ್ರ ನಲವತ್ತು ವರ್ಷದ ಹೆಸರು ಮಣ್ಣುಪಾಲು. ಹೇಳದಿರಲು ಇದೊಂದು ಒಳ್ಳೆಯ ನೆಪವೂ ಆಯಿತು. ನೆಪ ಎಂದು ಅವಳಿಗೆ ಗೊತ್ತಿತ್ತು.

ಮರುವರ್ಷ ಮೇ ತಿಂಗಳ ಐದನೇ ತಾರೀಖು, ಗಂಡುಮಕ್ಕಳ ಹಬ್ಬಕ್ಕೆ ಮನೆಮನೆಯ ಮೇಲೆ ಕಟ್ಟಿದ ಬಟ್ಟೆಯ ಮೀನುಗಳು ಗಾಳಿಗೆ ಈಜುತ್ತಿದ್ದಾಗ, ಅಜ್ಜಿ ಒಬ್ಬಳೇ ಬರಲಿಲ್ಲ. ಯೊಶಿನೊ ಜೊತೆಗಿದ್ದಳು, ಕೈಯಲ್ಲಿ ಗಂಟು.

"ಅತ್ತೇನ ಹಿತೊಯೊಶಿಗೆ ಬಿಟ್ಟು ಬರ್ತೀನಿ ಮೇಷ್ಟ್ರೇ, ಅವರ ತಂಗಿ ಮಗಳ ಮನೆಗೆ," ಎಂದಳು ಯೊಶಿನೊ, ಕಣ್ಣೆತ್ತದೆ. "ಅಂಗಡೀಲಿ ಗಿರಾಕಿಗಳ ಮುಂದೆ ಜಗಳ. ನಂಗೂ ಸಾಕಾಗಿದೆ. ಹೋಗೋ ಮುಂಚೆ ಒಂದ್ಸಲ ಇಲ್ಲಿಗೆ ಬರಲೇಬೇಕು ಅಂದ್ರು."

ಅಜ್ಜಿ ಜಗಲಿಯ ತುದಿಯಲ್ಲಿ ಎಂದಿನ ಜಾಗದಲ್ಲಿ ಕೂತಳು. ಬೆನ್ನು ಮಾತ್ರ ಎಂದಿನಂತಿರಲಿಲ್ಲ, ಬಾಗಿತ್ತು.

"ಮೇಷ್ಟ್ರೇ, ಇನ್ನು ಪೀಡಿಸಲ್ಲ ನಿಮ್ಮನ್ನ. ಬಿಲ್ಲೆ ಬೇಡ ಬಿಡಿ. ಯಾರು ತಗೊಂಡ್ರು ಅಂತ ಒಂದು ಮಾತು ಹೇಳಿ, ಸಾಕು. ನಿಜವಾಗ್ಲೂ ನಂಗೇ ತಲೆ ಕೆಟ್ಟಿದೆಯೋ ಏನೋ ಅಂತ ಈಗೀಗ ನಂಗೂ ಅನಿಸ್ತಿದೆ. ಅದೊಂದು ಭಯ ಹೊತ್ಕೊಂಡು ಪರವೂರಿಗೆ ಹೋಗೋಕಾಗಲ್ಲ."

ಫುಸಾಯೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆ ಕೆಳಗಿಟ್ಟು ಅಲ್ಲೇ ಮಂಡಿಯೂರಿದಳು.

"ಯಾರೂ ತಗೊಂಡಿಲ್ಲ ಅಜ್ಜಿ. ಅದು ನಿಮ್ಮದೇ. ನಾನು ಉಜ್ಜಿದೆ."

"ಏನಂದೆ?"

"ವರ್ಷದ ಕೊನೆ ಅಂತ ತೊಳೆದೆ. ಹುಳಿ ಹಾಕಿ, ಮರಳು ಹಾಕಿ. ಬೆಳ್ಳಗಾಯ್ತು. ಹೆದರಿಕೆ ಆಯ್ತು. ಚಹಾದಲ್ಲಿ ಮೂರು ದಿನ ಬೇಯಿಸಿದೆ. ಅಲ್ಲಿರೋ ಬಣ್ಣ ಚಹಾದ್ದು. ನಿಮ್ಮದು ನಾನು ಬಾವಿಕಟ್ಟೇಲಿ ತೊಳೆದು ಚರಂಡಿಗೆ ಬಿಟ್ಟೆ." ಇಷ್ಟು ಹೇಳುವಷ್ಟರಲ್ಲಿ ಅವಳ ಹಣೆ ನೆಲ ಮುಟ್ಟಿತ್ತು. ಮಿಕ್ಕಿದ್ದು ಚಾಪೆಗೆ ಹೇಳಿದಂತಾಯಿತು. "ನೀವು ಹೇಳಿದ್ದೆಲ್ಲ ಸರಿ. ಅದು ನಿಶಿಗಾಕಿನೇ."

ಪಕ್ಕದ ಮನೆಯ ಬಟ್ಟೆಮೀನು ಪಟಪಟ ಬಡಿದುಕೊಳ್ಳುತ್ತಿತ್ತು. ಮೇಷ್ಟ್ರು ಎದ್ದು ಪೆಟ್ಟಿಗೆ ತಂದರು. ಬಿಲ್ಲೆ ತೆಗೆದು, ಕಣ್ಣು ಮುಚ್ಚಿ, ಎಲೆಯ ಮೇಲೆ ಹೆಬ್ಬೆರಳು ಎಳೆದರು. ಮತ್ತೊಮ್ಮೆ ಎಳೆದರು.

"ಎಲೆ ವಾಲಿದೆ," ಎಂದರು. "ಆವತ್ತೇ ನೋಡಿದ್ದೆ. ನೋಡಿ, ಬಣ್ಣದ ಆಸೆಗೆ, ವಯಸ್ಸಾದ ಕೈ ಅಂತ ನಂಗೆ ನಾನೇ ಕಥೆ ಕಟ್ಕೊಂಡೆ. ಅವಳು ಮಾಡಿದ ತಪ್ಪು ಅವಳದು. ಹಯಾಶಿ ಅಂತ ಬರೆದ ಕೈ ನಂದು, ಅಜ್ಜಿ."

ಅಜ್ಜಿ ಸೊಸೆಯ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ?"

ಯೊಶಿನೊ ಗಂಟನ್ನು ಎದೆಗೆ ಅವುಚಿಕೊಂಡು ಅಳುತ್ತಿದ್ದಳು.

"ಅಳು ಆಮೇಲೆ. ಕೇಳಿಸ್ತಾ, ಇಲ್ವಾ, ಹೇಳು."

"ಕೇಳಿಸ್ತು ಅತ್ತೆ."

"ನಾಳೆ ಬೆಳಿಗ್ಗೆ ಬೋಗುಣಿ ನಂದು." ಆಮೇಲೆ ಅಜ್ಜಿ ಫುಸಾಯೆಯನ್ನು ನೋಡಿದಳು. ಬೈಗುಳ ಬರಲಿ ಎಂದು ಫುಸಾಯೆ ಕಾದಳು. ಬೈಗುಳ ಬರಲಿಲ್ಲ. "ಹದಿನಾರು ತಿಂಗಳು," ಎಂದಳು ಅಜ್ಜಿ, ಎಣಿಸಿ ನೋಡಿದವಳ ಹಾಗೆ. "ಹದಿನಾರು ತಿಂಗಳು ನಿನ್ನ ಕೈ ಚಹಾ ಕುಡಿದೆನಲ್ಲೇ. ನಿನ್ನನ್ನ ಹೊಗಳಿದೆ ಬೇರೆ." ಮುಂದಿದ್ದ ಬಟ್ಟಲನ್ನು ಎತ್ತಿ, ಅಂಗಳದ ಕಲ್ಲಿನ ಮೇಲೆ ನಿಧಾನವಾಗಿ ಸುರಿದು, ಖಾಲಿ ಬಟ್ಟಲು ಬೋರಲು ಹಾಕಿದಳು.

ಮುಚ್ಚಳದ ಬರಹವನ್ನು ಹೆರೆದು ತೆಗೆಯುವುದು ಸುಲಭವಿತ್ತು. ಮೇಷ್ಟ್ರು ಹಾಗೆ ಮಾಡಲಿಲ್ಲ. ಅದರ ಕೆಳಗೇ ಬರೆದರು: "ಮೇಲಿನದು ನನ್ನ ತಪ್ಪು. ನಿಶಿಗಾಕಿ ಮನೆ. ಚಿತ್ರ: ಗಾಳಿಗೆ ಬಿದ್ದ ಕಿರಿ ಎಲೆ. ಹಳೆಯ ತುಕ್ಕು ನನ್ನ ಮನೆಯಲ್ಲಿ ಕಳೆದುಹೋಯಿತು." ತನ್ನ ಹೆಸರು ಹಾಕಿ ಎಂದು ಫುಸಾಯೆ ಬೇಡಿದಳು. "ನನ್ನ ಮನೆ ಅಂದ್ರೆ ನನ್ನ ಮನೆ," ಎಂದರು ಅವರು, ಅಷ್ಟೇ. ಅವಳನ್ನು ಕೆಲಸದಿಂದ ಬಿಡಿಸಲೂ ಇಲ್ಲ, ಗದರಲೂ ಇಲ್ಲ. ಗದರಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹಿಂದೆ ತಾವು ಬರೆದುಕೊಟ್ಟವರಿಗೆಲ್ಲ ಪತ್ರ ಹಾಕಿ, ಪೆಟ್ಟಿಗೆ ತನ್ನಿ, ಇನ್ನೊಮ್ಮೆ ನೋಡುತ್ತೇನೆ ಎಂದರು. ಮೂವರು ತಂದರು. ಮಿಕ್ಕವರು ಬೇರೆ ಊರಿನ ಬೇರೆ ಕಣ್ಣು ಹುಡುಕಿಕೊಂಡರು. ಆಮೇಲೆ ಮೇಷ್ಟ್ರು ಯಾರ ಮುಚ್ಚಳಕ್ಕೂ ಕುಂಚ ಮುಟ್ಟಿಸಲಿಲ್ಲ. ಹತ್ತರ ಬಿಸಿಲಿಗೆ ಜಗಲಿಯಲ್ಲಿ ಕೂರುವುದು ಮಾತ್ರ ಬಿಡಲಿಲ್ಲ, ಖಾಲಿ ರೇಷ್ಮೆ ಬಟ್ಟೆ ಹಾಸಿಕೊಂಡು. ಫುಸಾಯೆ ಅಡುಗೆಮನೆಯಿಂದ ಅದನ್ನು ದಿನಾ ನೋಡಬೇಕಿತ್ತು.

ಜೂನ್ ಐದಕ್ಕೆ ಅವಳೇ ಮಿಗಿತಾ ಅಂಗಡಿಗೆ ಹೋದಳು. ಅಜ್ಜಿ ಬೋಗುಣಿಯ ಮುಂದೆ ಕೂತಿದ್ದಳು. ಬೇಯಿಸಿದ ಗೆಡ್ಡೆಯನ್ನು ನೆಟ್ಟಗೆ ಹಿಡಿದು ಸಾಸಿವೆಯಲ್ಲಿ ಕುಟ್ಟುತ್ತಿದ್ದಳು, ಮೇಲಿನ ತೂತುಗಳಲ್ಲಿ ಹಳದಿ ಹುಳುವಿನಂತೆ ತಲೆಯೆತ್ತುವವರೆಗೂ.

"ಯಾಕೆ ಬಂದೆ?"

"ಬಿಲ್ಲೆ ಉಜ್ಜಿ ಕೊಡ್ತೀನಿ ಅಜ್ಜಿ. ಬಟ್ಟೇಲಿ. ಚಹಾದ ಬಣ್ಣ ಮೆಲ್ಲಗೆ ಇಳಿದು, ಕಬ್ಬಿಣದ್ದೇ ತುಕ್ಕು ಮೇಲೆ ಬರಬಹುದು."

"ಎಷ್ಟು ದಿನ ಹಿಡಿಯುತ್ತೆ?"

"ಗೊತ್ತಿಲ್ಲ."

"ನಂಗೆ ಎಂಬತ್ತೊಂದು." ಅಜ್ಜಿ ಗೆಡ್ಡೆ ಕುಟ್ಟುವುದು ನಿಲ್ಲಿಸಲಿಲ್ಲ. "ಹುರಿದ ಹುರುಳಿ ಬಣ್ಣ. ನೆನಪಿಟ್ಕೋ. ಆ ಮೂಲೇಲಿ ಕೂತ್ಕೋ, ಸಾಸಿವೆಗೆ ಕೈ ತಾಗಿಸಬೇಡ."

ಹಾಗೆ ಶುರುವಾಯಿತು. ಪ್ರತಿ ತಿಂಗಳ ಐದಕ್ಕೆ ಅವಳು ಬಂದು ಆ ಮೂಲೆಯಲ್ಲಿ ಕೂತು ಇಡೀ ದಿನ ಉಜ್ಜುವಳು. ಸಂಜೆ ಬಿಲ್ಲೆಯನ್ನು ಅಜ್ಜಿಯ ಮುಂದೆ ಹಿಡಿಯುವಳು. ಅಜ್ಜಿ ಕೈ ಒರೆಸಿಕೊಂಡು ಬೆಳಕಿಗೆ ತಿರುಗಿಸಿ ನೋಡಿ, "ಇನ್ನೂ ಬಂದಿಲ್ಲ," ಎಂದು ದೇವರಕೋಣೆಗೆ ಒಯ್ದಿಡುವಳು. ಸಿಟ್ಟಿಲ್ಲ, ಕನಿಕರವಿಲ್ಲ, ಅನ್ನ ಬೆಂದಿಲ್ಲ ಎಂದ ಹಾಗೆ. ಒಮ್ಮೆ ಮಾತ್ರ, ನಾಲ್ಕನೇ ವರ್ಷದ ಚಳಿಯಲ್ಲಿ, "ಈ ಅಂಚಿನ ಹತ್ತಿರ ಚೂರು," ಎಂದು ಕಿರುಬೆರಳಿನ ಉಗುರಿನಿಂದ ತೋರಿಸಿದಳು. ಫುಸಾಯೆ ಮನೆಗೆ ಹೋಗುವ ದಾರಿಯಲ್ಲಿ ಅಳುತ್ತ ಹೋದಳು. ಮರುತಿಂಗಳು ಮತ್ತೆ, "ಇನ್ನೂ ಬಂದಿಲ್ಲ." ಅವಳು ಉಜ್ಜುವುದನ್ನು ಗಿರಾಕಿಗಳು ನೋಡಿ, ತಮ್ಮ ಮನೆಯ ಬಿಲ್ಲೆಗಳನ್ನೂ ತಂದುಕೊಡಲು ಶುರುಮಾಡಿದರು. ತುಕ್ಕಮ್ಮ ಎಂಬ ಹೆಸರು ಬಿದ್ದದ್ದು ಆಗಲೇ. ತಪ್ಪಿನಿಂದ ಬಂದ ಕೈಚಳಕಕ್ಕೆ ಅವಳು ಎಂದೂ ಹೊಗಳಿಕೆ ಇಸಿದುಕೊಳ್ಳಲಿಲ್ಲ.

ಆ ಮನೆಯಲ್ಲಿ ಅಜ್ಜಿ ಅವಳಿಗೆ ಊಟ ಹಾಕಿಸಿದಳು, ಕರಿದ ಗೆಡ್ಡೆ ಕಟ್ಟಿಕೊಟ್ಟಳು, ಮಳೆ ಬಂದರೆ ಕೊಡೆ ಕೊಟ್ಟಳು. ಚಹಾ ಮಾತ್ರ ಅವಳ ಕೈಯಿಂದ ಮತ್ತೆ ಕುಡಿಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ.

ಸೆಕಿ ಅಜ್ಜಿ ಎಂಬತ್ತಾರಕ್ಕೆ ತೀರಿಕೊಂಡಳು. ಹಿಂದಿನ ದಿನವೂ ಸಾಸಿವೆ ಕಲಸಿದ್ದಳಂತೆ. ನಲವತ್ತೊಂಬತ್ತನೇ ದಿನದ ಪೂಜೆ ಮುಗಿದ ಮೇಲೆ ಯೊಶಿನೊ ಬಿಲ್ಲೆಯನ್ನು ದೇವರಕೋಣೆಯಿಂದ ತಂದು ಫುಸಾಯೆಯ ಮುಂದೆ ಇಟ್ಟಳು.

"ನಂಗೇನೋ ಚೆನ್ನಾಗಿ ಬಂದಿದೆ ಅನಿಸುತ್ತೆ. ಇನ್ನು ಸಾಕು ಬಿಡಿ ಅಕ್ಕಾ. ಎಷ್ಟು ವರ್ಷ ಅಂತ."

ಫುಸಾಯೆ ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. ಚಹಾದ ನೇರಳೆ ಎಷ್ಟೋ ಇಳಿದಿತ್ತು. ಅಡಿಯಿಂದ ಒಂದು ಒಣ ಕಂದು ಎದ್ದಿತ್ತು. ಹುರಿದ ಹುರುಳಿಯೇ? ಹುರುಳಿ ಎಷ್ಟು ಹುರಿದದ್ದು?

"ನೀವು ಹಳೇದು ನೋಡಿದ್ರಲ್ಲ ಯೊಶಿನೊ. ಹೀಗಿತ್ತಾ?"

ಯೊಶಿನೊ ಬಹಳ ಹೊತ್ತು ನೋಡಿದಳು. ಸುಳ್ಳು ಹೇಳಿದ್ದರೆ ಇಬ್ಬರಿಗೂ ಸುಖವಿತ್ತು.

"ನಂಗೆ ಗೊತ್ತಿಲ್ಲ ಅಕ್ಕಾ. ನಾನು ಕೆಂಪು ಮಗ್ಗುಲು ಅಷ್ಟೇ ನೋಡಿದ್ದು. ಅದನ್ನ ನೋಡಿ ಗೊತ್ತಿದ್ದೋರು ಅತ್ತೆ ಒಬ್ರೇ."

ಮೇಷ್ಟ್ರು ಅದನ್ನು ಹಳೆಯ ಮೈಯಲ್ಲಿ ನೋ​ಡಲೇ ಇಲ್ಲ. ಯೊಶಿನೊ ನೋಡಿ ಗಮನಿಸಲಿಲ್ಲ. ಫುಸಾಯೆ ಎರಡು ಕೈಯಲ್ಲಿ ಹಿಡಿದು, ಒಂದು ಇಡೀ ಬೆಳಿಗ್ಗೆ ನೋಡುತ್ತಲೇ ತಿಕ್ಕಿ ತೆಗೆದಿದ್ದಳು, ಆದರೆ ಏನನ್ನು ತೆಗೆದೆ ಎಂದು ಅವಳ ಕಣ್ಣಿಗೆ ಇಂದಿಗೂ ಬಾರದು. ಬಂತು ಎನ್ನಬಲ್ಲ ಒಂದೇ ಬಾಯಿ ಮಣ್ಣಾಗಿತ್ತು.

ಮುಂದಿನ ತಿಂಗಳ ಐದಕ್ಕೆ ಅಂಗಡಿಯ ಕದ ಅರ್ಧ ತೆರೆದಿತ್ತು. ಯೊಶಿನೊ ಮೂಲೆಯ ಚಾಪೆ ಕೊಡವಿ ಹಾಸಿದಳು. ಫುಸಾಯೆ ಕೂತು, ಹೊಸ ಹತ್ತಿಬಟ್ಟೆಯ ಮಡಿಕೆ ಬಿಚ್ಚಿ, ಎಲೆಯ ತೊಟ್ಟಿನಿಂದ ಉಜ್ಜಲು ಶುರುಮಾಡಿದಳು.